ಉಳಿದ ಎರಡು ನಿಂಬೆಹಣ್ಣು

ಗುಡ್ಡದ ಹುಲ್ಲು ಕೊಯ್ಯಲು ಟ್ರ್ಯಾಕ್ಟರ್ ಬೇಕೆಂದು ದನಗಳೆಲ್ಲ ಹಾಲು ಮಾರಿ ದುಡ್ಡು ಕೂಡಿಸಿದವು. ಆರಿಸುವ ಹೊಣೆ ಮುದಿ ಎಮ್ಮೆ ಕಾಳವ್ವನದು. ಇದ್ದ ದುಡ್ಡಿಗೆ ಒಂದನ್ನು ಆರಿಸಿಕೊಳ್ಳಲು ಸಿಕ್ಕಿದ್ದು ಹಳೆಯ ಎರಡೇ ಟ್ರ್ಯಾಕ್ಟರ್: ಒಂದು ಎತ್ತರದ್ದು, ಇನ್ನೊಂದು ಗಿಡ್ಡದು.

“ನನ್ನ ಮುಂದೆ ಈ ಗಿಡ್ಡ ಯಾವ ಲೆಕ್ಕ?” ಎಂದಿತು ಎತ್ತರದ್ದು. ಆ ಠೀವಿಗೆ ಮರುಳಾದ ದನಗಳು ಆಗಲೇ ಅದಕ್ಕೆ ಹಾರ ಹಾಕಿಬಿಟ್ಟಿದ್ದವು.

“ಆಗಲಿ. ಪೂಜೆ ಮಾತ್ರ ಅಂಗಳದಲ್ಲಿ ಬೇಡ, ಗುಡ್ಡದ ಮೇಲೆ ಮಾಡೋಣ,” ಎಂದಳು ಕಾಳವ್ವ.

ದನಗಳು ಎತ್ತರದ್ದನ್ನು ಇಳಿಜಾರಿಗೆ ಅಡ್ಡಲಾಗಿ ನಿಲ್ಲಿಸಿ, ನಾಲ್ಕು ಚಕ್ರಗಳ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟವು. ಎತ್ತರದ್ದು ಗುಡುಗುತ್ತಾ ಹೊರಟಿತು. ಮೇಲ್ಬದಿಯ ಚಕ್ರಗಳೆರಡೂ ನೆಲ ಬಿಟ್ಟು ಎದ್ದವು.

“ಹಿಡಿದುಕೊಳ್ಳಿ, ಬಿದ್ದೆ,” ಎಂದು ಚೀರಿ ಅದು ಹಿಂದೆ ಸರಿಯಿತು. ಎರಡು ಹಣ್ಣು ಹಾಗೇ ಉಳಿದವು.

“ಈಗ ನೀನು ಬಾರಪ್ಪ,” ಎಂದು ಕಾಳವ್ವ ಗಿಡ್ಡದಕ್ಕೆ ಬೇರೆ ನಾಲ್ಕು ಹಣ್ಣು ಇಡಿಸಿದಳು. ಅದು ಅಗಲವಾಗಿ ಕಾಲೂರಿಕೊಂಡು ಸದ್ದಿಲ್ಲದೆ ನಡೆಯಿತು. ನಾಲ್ಕೂ ಅಪ್ಪಚ್ಚಿ. ಕರುಗಳು ಕುಣಿದಾಡಿದವು. ಹಾರ ಕೊರಳು ಬದಲಾಯಿಸಿತು.

“ನನ್ನ ಗತಿ ಏನವ್ವ?” ಎಂದಿತು ಎತ್ತರದ್ದು, ತಲೆ ತಗ್ಗಿಸಿ.

“ನಿನ್ನನ್ನು ಕೊಳ್ಳಲು ಬಯಲಿನವರು ಬರುತ್ತಾರೆ. ಅಲ್ಲಿ ನಿನ್ನನ್ನು ಮೀರಿಸುವವರಿಲ್ಲ,” ಎಂದು ಕಾಳವ್ವ ಉಳಿದ ಎರಡು ಹಣ್ಣುಗಳನ್ನು ಅದರ ಸೀಟಿನ ಮೇಲಿಟ್ಟಳು. “ನಿನ್ನ ಪೂಜೆಗೆ ಇವನ್ನು ಇಟ್ಟುಕೋ. ಇನ್ನೆರಡು ಅವರು ತರಲಿ.”