ಕಾಜಾಣದ ಗಿಡುಗ

ತರಗೆಲೆ ಕೆದಕಿ ಹುಳು ಹೆಕ್ಕುವ ಹರಟೆಮಲ್ಲ ಹಕ್ಕಿಗಳ ಹಿಂಡಿನ ಮೇಲೆ ಒಂದು ಕಾಜಾಣ ಕಣ್ಣಿಟ್ಟಿತ್ತು. ದಪ್ಪ ಹುಳು ಕಂಡ ಕೂಡಲೇ ಅದು ಕೊಂಬೆಯ ಮೇಲಿಂದ ಅವುಗಳದೇ ದನಿಯಲ್ಲಿ "ಗಿಡುಗ! ಗಿಡುಗ!" ಎಂದು ಚೀರುತ್ತಿತ್ತು. ಹಿಂಡು ಬೆದರಿ ಪೊದೆಗೆ ನುಗ್ಗುತ್ತಿತ್ತು, ಹುಳು ಕಾಜಾಣದ ಪಾಲಾಗುತ್ತಿತ್ತು.

ಒಂದು ಬೆಳಿಗ್ಗೆ ಕಾಜಾಣ ಹೀಗೆ ಚೀರಿ ಕೆಳಗಿಳಿದಾಗ ಮುದಿ ಹರಟೆಮಲ್ಲವೊಂದು ಮಾತ್ರ ಓಡದೆ ನಿಂತಿತ್ತು.

"ಆಕಾಶ ಬರಿದಾಗಿದೆ. ನಿನ್ನ ಮೈ ಏಕೆ ನಡುಗುತ್ತಿದೆ?" ಎಂದು ಅದು ಕೇಳಿತು.

"ಇದು ನಟನೆ, ಅಜ್ಜ."

"ಹಾಗಾದರೆ ನಿಲ್ಲಿಸು."

ಕಾಜಾಣ ರೆಕ್ಕೆಗಳನ್ನು ಬಿಗಿಹಿಡಿಯಿತು. ನಡುಕ ನಿಲ್ಲಲಿಲ್ಲ. ಮೋಡವೂ ಇಲ್ಲದ ಬಾನಿನಿಂದ ಯಾವುದೋ ನೆರಳು ಇಳಿದಂತೆ ಬೆನ್ನು ತಣ್ಣಗಾಯಿತು.

"ಇದೇನಾಯಿತು ನನಗೆ?"

"ಹೆದರಿದಾಗಲೆಲ್ಲ ನಾವು ಓಡಿದೆವು. ಪೊದೆ ಸೇರಿದ ಮೇಲೆ ನಮ್ಮ ಭಯ ಇಳಿಯಿತು. ನೀನು ಚೀರಿದೆಯೇ ಹೊರತು ಒಮ್ಮೆಯೂ ಓಡಲಿಲ್ಲ. ನಿನ್ನ ಭಯ ಎಲ್ಲಿಗೆ ಹೋಗಬೇಕು?" ಎಂದು ಮುದಿ ಹಕ್ಕಿ ಹುಳುವನ್ನು ನುಂಗಿತು.

ಕಾಜಾಣ ದಿಕ್ಕೆಟ್ಟು ಪೊದೆಯೊಳಗೆ ನುಗ್ಗಿತು. ಹಿಂಡು ಹೊರಬಂದು ನೆಮ್ಮದಿಯಾಗಿ ತರಗೆಲೆ ಕೆದಕತೊಡಗಿತು. ಒಳಗೆ, ಕೊಕ್ಕನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದರೂ, "ಗಿಡುಗ! ಗಿಡುಗ!" ಎಂಬ ತನ್ನದೇ ಚೀರಾಟ ಕಾಜಾಣಕ್ಕೆ ಕೇಳಿಸುತ್ತಲೇ ಇತ್ತು.