ಲೂರ್ದಮ್ಮನ ಕಲ್ಲು

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಮಾಡಿನ ಮೇಲೆ ಮರದ ಶಿಲುಬೆ. ಅಲ್ಲಿ ಅರುಳಪ್ಪ ಗುರುಗಳೂ ಅವರ ಶಿಷ್ಯ ಇನ್ನಾಸಪ್ಪನೂ ಇದ್ದರು.

ದೋಣಿಗೆಂದು ಬರುವವರು ಮನಸ್ಸಿನಲ್ಲಿ ಸಂಕಟವಿದ್ದರೆ ಹೊಳೆಯಿಂದ ಒಂದು ಕಲ್ಲು ಆಯ್ದು ಶಿಷ್ಯನ ಕೈಗಿಟ್ಟು, ವಿಷಯ ಹೇಳಿ ಹೋಗುತ್ತಿದ್ದರು. ಕಲ್ಲು ಅಂಗೈಯಲ್ಲಿ ಬೆಚ್ಚಗಾಗುವವರೆಗೆ ಅದನ್ನು ಹಿಡಿದು ಅವನು ಅವರಿಗಾಗಿ ಬೇಡಬೇಕು. ಆಮೇಲೆ ಕಲ್ಲು ಮರಳಿ ಹೊಳೆಗೆ. ಅದು ಅಲ್ಲಿಯ ರೂಢಿ.

ಇನ್ನಾಸಪ್ಪನಿಗೆ ಬೇಕಾಗಿದ್ದವನು ದೇವರೊಬ್ಬನೇ. ಕಣ್ಣು ಮುಚ್ಚಿದರೆ ಒಂದೇ ಮಾತು: “ಪ್ರಭು, ನನಗೆ ನಿನ್ನ ಮುಖ ತೋರು.”

ಅಷ್ಟರಲ್ಲಿ ಯಾರದೋ ಎಮ್ಮೆ ಕಳೆದಿರುತ್ತಿತ್ತು. ಯಾರದೋ ಮಂಡಿ ನೋಯುತ್ತಿತ್ತು.

ಒಂದು ದಿನ ಅವನು ಬಂದ ಕಲ್ಲುಗಳನ್ನೆಲ್ಲ ಮೆಟ್ಟಿಲ ಮೇಲೆ ಬಿಸಿಲಿಗೆ ಹರವಿದ. ಮಧ್ಯಾಹ್ನಕ್ಕೆ ಅವು ಬೆಚ್ಚಗೇನು, ಸುಡುತ್ತಿದ್ದವು. ಬುಟ್ಟಿಗೆ ತುಂಬಿ ಹೊಳೆಗೆ ಸುರಿದು, ತನ್ನ ಪ್ರಾರ್ಥನೆಗೆ ಕುಳಿತ.

ಎಷ್ಟು ಕುಳಿತರೂ ರೆಪ್ಪೆಯೊಳಗೆ ಕತ್ತಲೆಯೇ.

ಮರುದಿನ ಬೆಳಿಗ್ಗೆ ಲೂರ್ದಮ್ಮ ಬಂದಳು. ಆಚೆ ದಡಕ್ಕೆ ಮದುವೆಯಾಗಿ ಹೋದ ಮಗಳು ಅವಳೊಂದಿಗೆ ಮಾತು ಬಿಟ್ಟಿದ್ದಳು. ಹಿಂದಿನ ದಿನದ ಕಲ್ಲುಗಳಲ್ಲಿ ಅವಳದೂ ಒಂದಿತ್ತು.

“ಸ್ವಾಮಿ, ನನ್ನ ಕಲ್ಲು ಬೆಚ್ಚಗಾಯ್ತಾ?”

“ಆಯ್ತಮ್ಮ.”

“ಅಷ್ಟು ಸಾಕು. ಇವತ್ತು ಅವಳ ಬಾಗಿಲಿಗೆ ಹೋಗ್ತಿದ್ದೀನಿ. ಒಬ್ಬಳೇ ಆಗಿದ್ರೆ ಕಾಲೇ ಏಳ್ತಿರಲಿಲ್ಲ. ನೀವು ಹಿಡ್ಕೊಂಡಿದ್ದೀರಲ್ಲ, ಅದೇ ಧೈರ್ಯ.”

ಸೆರಗಿನಿಂದ ಮುಖ ಒರೆಸಿಕೊಂಡು ದೋಣಿ ಹತ್ತಿದಳು.

ಇನ್ನಾಸಪ್ಪ ಓಡಿದ. ಗುರುಗಳು ಅವರೆಕಾಯಿ ಬಿಡಿಸುತ್ತಿದ್ದರು. ಅವನು ಎಲ್ಲವನ್ನೂ ಹೇಳಿದ.

“ಬಿಸಿಲು ಒಳ್ಳೆಯ ಶಿಷ್ಯ,” ಎಂದರು ಗುರುಗಳು. “ದಿನಾ ಬರುತ್ತಾನೆ, ಗೊಣಗುವುದಿಲ್ಲ.”

“ತಪ್ಪಾಯಿತು ಗುರುಗಳೇ. ನನಗೇನು ಪ್ರಾಯಶ್ಚಿತ್ತ?”

“ಈಗಲೂ ನಿನ್ನದೇ ಮಾತು. ದೋಣಿ ಆಚೆ ದಡ ಮುಟ್ಟಿತೇ?”

“ಇನ್ನೂ ಇಲ್ಲ.”

“ಹಾಗಾದರೆ ಇಲ್ಲೇಕೆ ನಿಂತಿದ್ದೀಯ? ಅವಳ ಕಲ್ಲು ಹುಡುಕು.”

ಅವನು ಹೊಳೆಗಿಳಿದ. ಕೈಗೆ ಬಂದ ಕಲ್ಲುಗಳೆಲ್ಲ ಒಂದೇ ಥರ, ತಣ್ಣಗೆ. ಒಂದನ್ನೆತ್ತಿ ಇದೇ ಇರಬಹುದೆಂದು ಬೆಚ್ಚಗಾಗುವವರೆಗೆ ಹಿಡಿದ. ಅಲ್ಲವೇನೋ ಅನ್ನಿಸಿತು. ಇನ್ನೊಂದನ್ನೆತ್ತಿದ. ಇದು ಎಮ್ಮೆಯವನದಿರಬಹುದು, ಇದು ಮಂಡಿನೋವಿನ ಅಜ್ಜಿಯದು. ಈಗ ಅವರನ್ನೂ ಬಿಡಲಾಗಲಿಲ್ಲ.

ಸಂಜೆ ಕಡೆಯ ದೋಣಿ ಬಂತು. ಲೂರ್ದಮ್ಮ ಅದರಲ್ಲಿರಲಿಲ್ಲ.

“ಏನ್ ಸ್ವಾಮಿ, ಮೀನು ಬೀಳ್ತಾ?” ಎಂದ ಅಂಬಿಗ ಚೌರಪ್ಪ.

“ಆಯಮ್ಮ ಎಲ್ಲಿ ಚೌರಪ್ಪ?”

ಅಂಬಿಗನ ನಗು ನಿಂತಿತು. “ಮಗಳು ಬಾಗಿಲು ತೆಗೆದಿಲ್ಲ. ಹೊರಗೇ ಕೂತವ್ರೆ. ಇದೇ ಕಡೇ ದೋಣಿ, ಬನ್ನಿ ಅಂದೆ. ‘ನೀ ಹೋಗಪ್ಪ. ಅಲ್ಲಿ ನನ್ನ ಕಲ್ಲು ಹಿಡಿದವ್ರೆ’ ಅಂದ್ರು.”

ಇನ್ನಾಸಪ್ಪ ಮತ್ತೆ ನೀರಿಗೆ ಕೈ ಹಾಕಿದ.

ಆಶ್ರಮದ ಗಂಟೆ ಮೊಳಗಿತು. ಅದು ಅವನು ದಿನವಿಡೀ ಕಾಯುತ್ತಿದ್ದ ಪ್ರಾರ್ಥನೆಯ ಹೊತ್ತು. ಅವನು ತಲೆಯೆತ್ತಲಿಲ್ಲ.

ಗುರುಗಳೇ ದಂಡೆಗೆ ಬಂದರು.

“ಸಿಕ್ಕಿತೇ?”

“ಇಲ್ಲ. ಯಾವುದು ಅವಳದೆಂದು ತಿಳಿಯದೆ ಎಲ್ಲವನ್ನೂ ಹಿಡಿಯುತ್ತಿದ್ದೇನೆ.”

“ನಿನ್ನ ಪ್ರಾರ್ಥನೆ?”

ಇನ್ನಾಸಪ್ಪ ಬೆಚ್ಚಿದ. “ಮರೆತೇ ಹೋಯಿತು.”

ಗುರುಗಳು ನಿಲುವಂಗಿಯ ಜೇಬಿನಿಂದ ಒಂದು ಕಲ್ಲು ತೆಗೆದು ಅವನ ಮರಗಟ್ಟಿದ ಅಂಗೈಯಲ್ಲಿಟ್ಟರು. ಕೈ ಆಡಿ ಆಡಿ ನುಣುಪಾದ ಕಲ್ಲು. ಬೆಚ್ಚಗಿತ್ತು.

“ಇದು ಲೂರ್ದಮ್ಮನದೇ?”

“ನಿನ್ನದು. ಇಲ್ಲಿಗೆ ಬಂದ ದಿನ ನನ್ನ ಕೈಗಿಟ್ಟಿದ್ದೆ.”

ಅವನು ಕಲ್ಲನ್ನು ತಿರುಗಿಸಿ ನೋಡಿದ. “ಇಷ್ಟು ವರ್ಷವೂ ಹಿಡಿದಿದ್ದಿರಾ? ದೇವರು ನನಗೆ ಸಿಗಲಿ ಎಂದು ಬೇಡುತ್ತಾ?”

“ಇಲ್ಲ ಇನ್ನಾಸಿ. ನೀನು ಅವನಿಗೆ ಸಿಗಲಿ ಎಂದು.”