ಗೀಜಗನ ಎರಡನೆಯ ಸಾಲು

ಕಾಡಿನ ಹಕ್ಕಿಗಳಿಗೆಲ್ಲ ವೆಬ್‌ಸೈಟ್ ಹೆಣೆದುಕೊಡುತ್ತಿದ್ದ ಗೀಜಗ ತನ್ನ ಸ್ವಂತ ಬ್ಲಾಗಿನ ಸಾಫ್ಟ್‌ವೇರನ್ನು ಒಂಬತ್ತು ಸಲ ಬದಲಿಸಿದ್ದ. ಪ್ರತಿ ಸಲವೂ ‘ಹೊಸ ಬ್ಲಾಗಿಗೆ ಸ್ವಾಗತ’ ಎಂದು ಒಂದೇ ಸಾಲು ಬರೆದು, ಸೋಶಿಯಲ್ ಮೀಡಿಯಾದಲ್ಲಿ ಹಂಚಿ, ಲೈಕು ಗಿಟ್ಟಿಸಿ, ಮತ್ತೆ ಬಿಚ್ಚಿ ಕಟ್ಟಲು ಕೂರುತ್ತಿದ್ದ.

ಹೊಂಗೆ ಮರದ ಮೀಟಪ್‌ನಲ್ಲಿ ಬ್ಲಾಗ್ ಬರವಣಿಗೆಯ ಬಗ್ಗೆ ಮಾತಾಡಲು ಅವನನ್ನೇ ಕರೆದರು. ಅವನು ಎದ್ದು ನಿಂತ. “ಕ್ಷಮಿಸಿ. ನಾನು ಕಟ್ಟಿದ್ದೇ ಬಂತು, ಏನೂ ಬರೆದಿಲ್ಲ” ಎಂದುಬಿಟ್ಟ.

ಮರಕುಟಿಗ ಕೆಮ್ಮಿದ. “ನನ್ನದೂ ಅದೇ ಕಥೆ, ಸ್ವಾಮಿ. ಆರು ವರ್ಷದಿಂದ ಬರೀ ಸ್ವಾಗತ ಕೋರುತ್ತಿದ್ದೇನೆ.”

“ನಾನೂ” ಎಂದಳು ಮೈನಾ.

ಕೊಂಬೆ ಕೊಂಬೆಯಲ್ಲೂ ನಗು ಎದ್ದು, ಗೀಜಗನ ಎದೆಯ ಭಾರ ಇಳಿಯಿತು. “ಹಾಗಾದರೆ ಮೊನ್ನೆ ನನ್ನ ಸೈಟು ಕೆಟ್ಟು ಕೂತಾಗ ದಾರಿ ತೋರಿಸಿದ ಬ್ಲಾಗ್ ಬರಹ ಯಾರದು?” ಎಂದು ಕೇಳಿದ.

“ನನ್ನದು” ಎಂದಳು ಮೂಲೆಯಲ್ಲಿದ್ದ ಪಾರಿವಾಳ, ಸಂಕೋಚದಿಂದ. “ನಾಲ್ಕು ಕಡ್ಡಿ ಇಟ್ಟು ಮಾಡಿದ್ದು. ಪುಟವೆಲ್ಲ ಸೊಟ್ಟ.”

“ಸೊಟ್ಟಗಿತ್ತೇ? ನಾನು ಗಮನಿಸಲೇ ಇಲ್ಲವಲ್ಲ!”

ಗೂಡಿಗೆ ಮರಳಿದ ಗೀಜಗ ಆ ಸಂಜೆಯೇ ಎರಡನೆಯ ಸಾಲು ಬರೆದ. ತಲೆಬರಹ ತುಸು ವಾಲಿತ್ತು. ಸರಿಮಾಡಲು ಕೊಕ್ಕು ಅತ್ತ ಹೋಯಿತು. ಇರಲಿ ಬಿಡು ಎಂದುಕೊಂಡು ಮೂರನೆಯ ಸಾಲಿಗೆ ಹೊರಟ.